ಲಿಯಾನ್ ಆ ಚಿಪ್ ಕ್ಲೇರ್ ಕೈಗೆ ಕೊಡಬೇಕಿತ್ತಾ? ‘ಇನ್ಫಿನಿಟ್ ಡಾರ್ಕ್‌ನೆಸ್’ ನೋಡಿದವರು ಬನ್ನಿ (ಪೂರ್ತಿ ಕಥೆ ಹೇಳಿದ್ದೇನೆ)

ರಕೂನ್_ರಾತ್ರಿ

ಇನ್ನೂ ನೋಡದವರು ನೋಡಿಕೊಂಡು ಬನ್ನಿ. ಕೆಳಗೆ ಕೊನೆಯ ದೃಶ್ಯದವರೆಗೂ ಮಾತಾಡಿದ್ದೇನೆ. ಇರುವುದು ನಾಲ್ಕೇ ಎಪಿಸೋಡು, ಒಂದು ಸಂಜೆ ಸಾಕು.

‘ರೆಸಿಡೆಂಟ್ ಈವಿಲ್: ಇನ್ಫಿನಿಟ್ ಡಾರ್ಕ್‌ನೆಸ್’ ನೆಟ್‌ಫ್ಲಿಕ್ಸ್‌ಗೆ ಬಂದದ್ದು 2021ರ ಜುಲೈ 8ಕ್ಕೆ. ನಿರ್ದೇಶಕ ಎಯಿಚಿರೋ ಹಾಸುಮಿ. ಕ್ಯಾಪ್‌ಕಾಮ್ ಕಂಪನಿಯ ಗೇಮಿನಿಂದ ಹುಟ್ಟಿದ ಕಥೆ, ಪೂರ್ತಿ ಕಂಪ್ಯೂಟರ್ ಅನಿಮೇಷನ್. ಆಗ ನಮ್ಮ ಗುಂಪಿನಲ್ಲಿ ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಜಾಂಬಿ ಕಮ್ಮಿ, ರಾಜಕೀಯ ಜಾಸ್ತಿ. ನನಗೆ ಇಷ್ಟವಾದದ್ದೇ ಅದು.

ಕಥೆ ನಡೆಯುವುದು 2006ರಲ್ಲಿ. ಗೇಮಿನ ನಾಲ್ಕನೇ ಭಾಗದ ಘಟನೆ ಆಗಿ ಎರಡು ವರ್ಷ. ಅಧ್ಯಕ್ಷ ಗ್ರಹಾಂ ಅವರ ಮಗಳು ಆಶ್ಲಿಯನ್ನು ಸ್ಪೇನಿನ ಹಳ್ಳಿಯಿಂದ ಬಿಡಿಸಿಕೊಂಡು ಬಂದವನು ಸರ್ಕಾರಿ ಏಜೆಂಟ್ ಲಿಯಾನ್. ಹಾಗಾಗಿ ವೈಟ್ ಹೌಸಿನ ಗುಟ್ಟಿನ ಫೈಲುಗಳಿಗೆ ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾದಾಗ ಅವನನ್ನು ಕರೆಸುತ್ತಾರೆ. ಜೊತೆಗೆ ಜೇಸನ್, ಶೆನ್ ಮೇ, ಪ್ಯಾಟ್ರಿಕ್ ಅನ್ನುವ ಏಜೆಂಟರು. ಕರೆಂಟ್ ಹೋಗುತ್ತದೆ, ವೈಟ್ ಹೌಸ್ ಒಳಗೇ ಜಾಂಬಿಗಳು ಕಾಣಿಸಿಕೊಳ್ಳುತ್ತವೆ. ಇನ್ನೊಂದು ಕಡೆ ಕ್ಲೇರ್ ರೆಡ್‌ಫೀಲ್ಡ್ ಟೆರಾಸೇವ್ ಅನ್ನುವ ಸೇವಾ ಸಂಸ್ಥೆಯ ಕೆಲಸದ ಮೇಲೆ ಪೆನಾಮ್‌ಸ್ತಾನ್ ಎಂಬ ಕಲ್ಪಿತ ದೇಶದಲ್ಲಿ ಇರುತ್ತಾಳೆ. ಅಲ್ಲಿ ಮಾತು ನಿಂತುಹೋದ ಒಬ್ಬ ಹುಡುಗ ಬರೆದ ಚಿತ್ರ ಅವಳ ಕಣ್ಣಿಗೆ ಬೀಳುತ್ತದೆ.

ಈ ಚಿತ್ರದ ಹತ್ತಿರ ಸ್ವಲ್ಪ ನಿಲ್ಲಬೇಕು. ಮಕ್ಕಳು ಗೀಚುವ ಹಾಗೆ ಗೀಚಿದ ಹಾಳೆ ಅದು. ಬೇರೆ ಯಾರೇ ನೋಡಿದರೂ ಯುದ್ಧ ಕಂಡ ಮಗು, ಕೆಟ್ಟ ಕನಸು ಅಂದುಕೊಂಡು ಮುಂದೆ ಹೋಗುತ್ತಿದ್ದರು. ಕ್ಲೇರ್ ಹೋಗುವುದಿಲ್ಲ. 1998ರಲ್ಲಿ, ವೈರಸ್ ಹರಡಿ ನಾಶವಾದ ರಕೂನ್ ಸಿಟಿಯಲ್ಲಿ ಅವಳು ಅಂಥ ಜಾಂಬಿಗಳನ್ನೇ ಕಣ್ಣಾರೆ ಕಂಡವಳು. ಹುಡುಗ ಕಲ್ಪಿಸಿಕೊಂಡು ಬರೆದದ್ದಲ್ಲ, ನೋಡಿ ಬರೆದದ್ದು ಅಂತ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಇಡೀ ಸರಣಿಯಲ್ಲಿ ನನ್ನ ಮೈ ಜುಮ್ಮೆಂದದ್ದು ಅಲ್ಲಿ. ಒಂದು ಜಾಂಬಿಯೂ ಇರಲಿಲ್ಲ.

ಆಮೇಲೆ ಒಂದೊಂದೇ ಬಿಚ್ಚಿಕೊಳ್ಳುತ್ತದೆ. 2000ದಲ್ಲಿ ಪೆನಾಮ್‌ಸ್ತಾನದ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸೋಂಕು ತಗುಲಿತ್ತು. ಅದನ್ನು ಮುಚ್ಚಿಟ್ಟು, ಸೋಂಕು ತಡೆದು ಹಿಡಿಯುವ ಔಷಧಿಯ ಮೇಲೆ ಆ ಸೈನಿಕರನ್ನು ಮನುಷ್ಯರಾಗಿ ಉಳಿಸಿಕೊಂಡಿದ್ದರು. ಇದರ ಹಿಂದೆ ಇರುವವನು ರಕ್ಷಣಾ ಕಾರ್ಯದರ್ಶಿ ವಿಲ್ಸನ್. ಊರೆಲ್ಲ ‘ಪೆನಾಮ್‌ಸ್ತಾನದ ವೀರ’ ಅಂತ ಕೊಂಡಾಡುವ ಜೇಸನ್ ಕೂಡ ಅದೇ ಔಷಧಿಯ ಮೇಲೆ ಬದುಕಿರುವವನು.

ಎಲ್ಲ ಮುಗಿದ ಮೇಲೆ ಸಾಕ್ಷಿ ಇರುವ ಚಿಪ್ ಲಿಯಾನ್ ಹತ್ತಿರ ಉಳಿಯುತ್ತದೆ. ಕ್ಲೇರ್ ಕೇಳುತ್ತಾಳೆ, ಜಗತ್ತಿಗೆ ಹೇಳೋಣ ಅಂತ. ಲಿಯಾನ್ ಕೊಡುವುದಿಲ್ಲ. ಇದು ಹೊರಗೆ ಬಂದರೆ ಅಮೆರಿಕ, ಚೀನಾ ನಡುವೆ ಯುದ್ಧ ಹತ್ತಿಕೊಳ್ಳುತ್ತದೆ ಅನ್ನುವ ಭಯ ಅವನಿಗೆ. ಕ್ಲೇರ್ ಬೇಜಾರಿನಲ್ಲೇ ಬೇರೆಯಾಗುತ್ತಾಳೆ.

ಗೇಮಿನ ಭಯ ಸರಣಿಗೆ ಬರಲು ಸಾಧ್ಯವೇ ಇಲ್ಲ. ಅದು ಬೇರೆ ಜಾತಿಯ ಭಯ. ಇವರು ಅದರ ಹಿಂದೆ ಓಡದೆ ಇನ್ನೊಂದು ಭಯ ಹುಡುಕಿದರು: ನಿಮಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಅಂತ ಬೇರೆ ಯಾರೋ ಕೂತು ತೀರ್ಮಾನ ಮಾಡುವ ಭಯ. ಕೊನೆಗೆ ಆ ತೀರ್ಮಾನ ಮಾಡುವ ಜಾಗಕ್ಕೆ ನಮ್ಮ ಲಿಯಾನ್‌ನನ್ನೇ ತಂದು ನಿಲ್ಲಿಸಿದರು. ಅವನು ಮಾಡಿದ್ದು ಸರೀನಾ? ನನ್ನ ಪ್ರಕಾರ ತಪ್ಪು, ಆದರೆ ಅವನು ಬೇರೆ ಏನನ್ನೂ ಮಾಡುತ್ತಿರಲಿಲ್ಲ. ನೀವು ಹೇಳಿ.

ಹಸಿರುಗಿಡ

ರಕೂನ್ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ‘ಗೇಮಿನ ಭಯ ಬರಲು ಸಾಧ್ಯವಿಲ್ಲ’ ಅಂತ ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿರಿ. ಅಲ್ಲೇ ನನ್ನ ತಕರಾರು.

1996ರ ಮೊದಲ ಗೇಮ್ ನೆನಪಿಸಿಕೊಳ್ಳಿ. ಕ್ಯಾಮೆರಾ ಗೋಡೆಗೆ ಅಂಟಿಸಿದ ಹಾಗೆ ಒಂದೇ ಕಡೆ ನಿಂತಿರುತ್ತದೆ. ಮೂಲೆಯ ಆಚೆ ಏನಿದೆ ಅಂತ ಕಾಣಿಸುವುದಿಲ್ಲ, ಕಾಲೆಳೆಯುವ ಸದ್ದು ಮಾತ್ರ ಕೇಳಿಸುತ್ತದೆ. ಆಡಲು ಸಿಗುವ ಇಬ್ಬರಲ್ಲಿ ಕ್ಲೇರ್ ಅಣ್ಣ ಕ್ರಿಸ್ ಆಗಿ ಆಡಿದರೆ ಸಾಮಾನು ಇಟ್ಟುಕೊಳ್ಳಲು ಆರೇ ಜಾಗ, ಜಿಲ್ ಆಗಿ ಆಡಿದರೆ ಎಂಟು. ಅದರಲ್ಲೇ ಗನ್ನು, ಗುಂಡು, ಗಾಯ ಮಾಯಿಸುವ ಗಿಡ, ಕೀಲಿಕೈ ಎಲ್ಲ. ಆಟ ಸೇವ್ ಮಾಡಬೇಕಾದರೆ ಟೈಪ್‌ರೈಟರ್ ಇರುವ ಕೋಣೆ ಸಿಗಬೇಕು, ಕೈಯಲ್ಲಿ ರಿಬ್ಬನ್ ಇರಬೇಕು. ರಿಬ್ಬನ್ ಕೂಡ ಲೆಕ್ಕಕ್ಕೆ ಇಷ್ಟೇ. ಅಂದರೆ ಹೆದರಿಕೆ ಜಾಂಬಿಯಿಂದ ಅಲ್ಲ, ‘ಇನ್ನು ಐದೇ ಗುಂಡು ಇದೆ, ಇಲ್ಲಿ ಖರ್ಚು ಮಾಡಲಾ ಬೇಡವಾ’ ಅನ್ನುವ ಲೆಕ್ಕದಿಂದ.

ಈ ಲೆಕ್ಕವನ್ನು ಸರಣಿಯಲ್ಲೂ ತೋರಿಸಬಹುದಿತ್ತು. ಲಿಯಾನ್ ವೈಟ್ ಹೌಸಿನಲ್ಲಿ ಗುಂಡು ಎಣಿಸಿಕೊಂಡು ಹೊಡೆಯುವ ಒಂದು ಹತ್ತು ನಿಮಿಷ ಇಟ್ಟಿದ್ದರೆ? ಬಾಗಿಲು ಮುಚ್ಚಿ ಮೇಜು ಅಡ್ಡ ಇಟ್ಟು, ಯಾವ ದಾರಿ ಸುರಕ್ಷಿತ ಅಂತ ಯೋಚಿಸುವುದನ್ನು ತೋರಿಸಿದ್ದರೆ? 2019ರಲ್ಲಿ ಎರಡನೇ ಭಾಗವನ್ನು ಹೊಸದಾಗಿ ಮಾಡಿದಾಗ ಪೊಲೀಸ್ ಠಾಣೆಯ ಕಿಟಕಿಗಳಿಗೆ ಹಲಗೆ ಹೊಡೆಯುವ ಕೆಲಸ ಕೊಟ್ಟರು. ಹಲಗೆ ಕಮ್ಮಿ, ಕಿಟಕಿ ಜಾಸ್ತಿ. ಯಾವ ಕಿಟಕಿ ಬಿಡುವುದು? ಅದೊಂದೇ ಸಾಕು ಬೆವರಿಳಿಯಲು. ಇಲ್ಲಿ ಲಿಯಾನ್ ಮೊದಲಿಂದ ಕೊನೆವರೆಗೂ ಸಲೀಸಾಗಿ ಗೆದ್ದುಬಿಡುತ್ತಾನೆ. ಅವನಿಗೆ ಏನೂ ಆಗಲ್ಲ ಅಂತ ನಮಗೆ ಗೊತ್ತಿದ್ದರೆ ಭಯ ಎಲ್ಲಿಂದ ಬರಬೇಕು?

ರಕೂನ್_ರಾತ್ರಿ

@ಹಸಿರುಗಿಡ, ಲಿಯಾನ್‌ಗೆ ಏನೂ ಆಗಲ್ಲ ಅನ್ನುವುದು ಹೇಗೂ ಗೊತ್ತಿರುವ ವಿಷಯ ಅಲ್ವಾ? ಕಥೆ 2006ರದ್ದು. 2013ರಲ್ಲಿ ನಡೆಯುವ ಆರನೇ ಭಾಗದಲ್ಲಿ ಅವನು ಇದ್ದಾನೆ, ಆ ಗೇಮ್ 2012ರಲ್ಲೇ ಬಂದಾಗಿದೆ. ಅವನು ಸಾಯುತ್ತಾನಾ ಅನ್ನುವ ಪ್ರಶ್ನೆಯೇ ಇಲ್ಲ. ಬರೆಯುವವರಿಗೂ ಅದು ಗೊತ್ತು. ಅದಕ್ಕೇ ಅವನ ಜೀವದ ಬದಲು ಅವನ ಮನಸ್ಸನ್ನು ಪಣಕ್ಕಿಟ್ಟರು ಅಂತ ನನ್ನ ವಾದ.

ಕ್ಲೇರ್_ಪರ

ಚಿಪ್ ವಿಷಯಕ್ಕೆ ಬರೋಣ. ಲಿಯಾನ್ ಮಾಡಿದ್ದು ತಪ್ಪು. ‘ತಪ್ಪು, ಆದರೆ’ ಅಲ್ಲ. ತಪ್ಪು, ಅಷ್ಟೇ.

ರಕೂನ್ ಸಿಟಿಗೆ ಏನಾಯಿತು? ಅಂಬ್ರೆಲಾ ಕಂಪನಿ ವೈರಸ್ ಮಾಡಿತು, ಊರಿಗೆ ಹರಡಿತು. ಕೊನೆಗೆ 1998ರ ಅಕ್ಟೋಬರ್ 1ಕ್ಕೆ ಸರ್ಕಾರ ಕ್ಷಿಪಣಿ ಹೊಡೆದು ಇಡೀ ಊರನ್ನೇ ಅಳಿಸಿತು. ಒಳಗೆ ಬದುಕಿದ್ದವರು ಎಷ್ಟು ಜನ ಅಂತ ಯಾರೂ ಕೇಳಲಿಲ್ಲ. ಆ ಊರಿಂದ ಜೀವ ಉಳಿಸಿಕೊಂಡು ಬಂದ ಕೆಲವೇ ಮಂದಿಯಲ್ಲಿ ಇವರಿಬ್ಬರೂ ಇದ್ದಾರೆ. ಲಿಯಾನ್‌ಗೆ ಪೊಲೀಸ್ ಕೆಲಸದ ಮೊದಲ ದಿನ ಅದು. ಕ್ಲೇರ್ ಅಣ್ಣನನ್ನು ಹುಡುಕಿಕೊಂಡು ಬಂದಿದ್ದ ಕಾಲೇಜು ಹುಡುಗಿ. ಮುಚ್ಚಿಟ್ಟ ಸತ್ಯ ಏನು ಮಾಡುತ್ತದೆ ಅಂತ ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇನ್ನೊಂದು. ಈ ಕಥೆಯಲ್ಲಿ ನಿಜವಾದ ತನಿಖೆ ಮಾಡುವವಳು ಕ್ಲೇರ್. ಹುಡುಗನ ಚಿತ್ರ ಹಿಡಿದುಕೊಂಡು ಒಬ್ಬಳೇ ಜಾಡು ಹಿಡಿಯುತ್ತಾಳೆ. ಅವಳ ಕೈಲಿ ಗನ್ನಿಲ್ಲ, ಹಿಂದೆ ಸರ್ಕಾರವಿಲ್ಲ. ಅಷ್ಟಾದರೂ ಸರಣಿ ಅವಳಿಗೆ ಕೊಟ್ಟ ಸಮಯ ಎಷ್ಟು? ಪ್ರಚಾರದಲ್ಲಿ ಇಬ್ಬರ ಮುಖವನ್ನೂ ಸಮಸಮ ಹಾಕಿದರು. ಕಥೆಯಲ್ಲಿ ಅವಳನ್ನು ಹಿಡಿದು ಕೂರಿಸಿ, ವಿಲ್ಸನ್ ತನ್ನ ಯೋಜನೆ ಬಾಯಿಬಿಟ್ಟು ಹೇಳಲು ಎದುರಿಗೊಂದು ಕಿವಿ ಬೇಕಿತ್ತು ಅನ್ನುವ ಹಾಗೆ ಬಳಸಿಕೊಂಡರು. ಕೊನೆಗೆ ಅವಳು ಕೇಳುವುದು ಒಂದೇ ಒಂದು, ಅದನ್ನೂ ಲಿಯಾನ್ ಕೊಡುವುದಿಲ್ಲ. ನನಗೆ ಸಿಟ್ಟು ಬಂತು. ಈಗಲೂ ಇದೆ.

ಮಲ್ನಾಡ್_ಮಳೆ

ಕ್ಲೇರ್ ಪರ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ, ಕ್ಲೇರ್ ಪಾತ್ರಕ್ಕೆ ಅನ್ಯಾಯ ಆಗಿದೆ. ಆದರೆ ಲಿಯಾನ್ ವಿಷಯದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ.

ಲಿಯಾನ್ ಸರ್ಕಾರದ ಕೆಲಸಕ್ಕೆ ಸೇರಿದ್ದು ಇಷ್ಟಪಟ್ಟಲ್ಲ. ರಕೂನ್ ಸಿಟಿಯಿಂದ ಇವರ ಜೊತೆ ಶೆರ್ರಿ ಬರ್ಕಿನ್ ಅನ್ನುವ ಪುಟ್ಟ ಹುಡುಗಿ ಪಾರಾಗಿ ಬರುತ್ತಾಳೆ. ಜಿ ವೈರಸ್ ಮಾಡಿದ ವಿಲಿಯಂ ಬರ್ಕಿನ್ ಮಗಳು. ಅವಳ ಮೈಯಲ್ಲೂ ಆ ವೈರಸ್ಸಿನ ಅಂಶ ಇತ್ತು. ಹಾಗಾಗಿ ಸರ್ಕಾರ ಅವಳನ್ನು ತನ್ನ ವಶದಲ್ಲಿ ಇಟ್ಟುಕೊಂಡಿತು. ನೀನು ನಮಗೆ ಕೆಲಸ ಮಾಡು, ಹುಡುಗಿ ಕ್ಷೇಮವಾಗಿರುತ್ತಾಳೆ. ಲಿಯಾನ್ ಎದುರಿಗೆ ಇಟ್ಟ ಮಾತು ಇದು. ಅವನು ಒಪ್ಪಿಕೊಂಡ. ಕ್ಲೇರ್ ಅಷ್ಟು ಹೊತ್ತಿಗೆ ಅಣ್ಣನನ್ನು ಹುಡುಕಲು ಹೊರಟುಹೋಗಿದ್ದಳು.

ಹಾಗಾಗಿ ಕ್ಲೇರ್ ಹೊರಗೆ ನಿಂತು ಪ್ರಶ್ನೆ ಕೇಳಬಲ್ಲಳು. ಲಿಯಾನ್ ಎಂಟು ವರ್ಷದಿಂದ ಒಳಗೆ ಇರುವವನು. ಬಾಯಿ ಬಿಟ್ಟರೆ ಯಾರ ಮೇಲೆ ಬೀಳುತ್ತದೆ ಅಂತ ಲೆಕ್ಕ ಹಾಕುವುದು ಅವನಿಗೆ ಅಭ್ಯಾಸ ಆಗಿಹೋಗಿದೆ. ಚಿಪ್ ಜೇಬಿಗೆ ಹಾಕಿಕೊಳ್ಳುವಾಗ ಅವನು ದೊಡ್ಡ ತತ್ವ ಏನೂ ಹೇಳುತ್ತಿಲ್ಲ. ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನೇ ಮತ್ತೆ ಮಾಡುತ್ತಿದ್ದಾನೆ. ಸರಣಿಯಲ್ಲಿ ಇದನ್ನು ಬಿಡಿಸಿ ಹೇಳಿಲ್ಲ. ಗೇಮ್ ಆಡದವರಿಗೆ ಹೇಗೆ ಗೊತ್ತಾಗಬೇಕು? ಅದು ಬರವಣಿಗೆಯ ದೋಷ.

ಹೊಸ_ನೋಡುಗ

ನಾನು ಗೇಮ್ ಆಡಿಲ್ಲ, ಸರಣಿ ಮಾತ್ರ ನೋಡಿದ್ದೇನೆ. ಶೆರ್ರಿ ವಿಷಯ ಈಗಲೇ ಗೊತ್ತಾದದ್ದು. ನನಗೆ ಕೊನೆ ದೃಶ್ಯದಲ್ಲಿ ಲಿಯಾನ್ ಬರೀ ಸರ್ಕಾರಿ ಮನುಷ್ಯನ ಹಾಗೆ ಕಂಡಿದ್ದ. ಈಗ ಬೇರೆ ಥರ ಕಾಣುತ್ತಿದ್ದಾನೆ.

ಒಂದು ಪ್ರಶ್ನೆ. ಇದರ ಹಿಂದೆ ಮುಂದೆ ಅನಿಮೇಷನ್‌ನಲ್ಲೇ ಬೇರೆ ಕಥೆಗಳಿವೆ ಅಂತ ಕೇಳಿದೆ. ಯಾವ ಕ್ರಮದಲ್ಲಿ ನೋಡಬೇಕು?

ಟೈಪ್‌ರೈಟರ್_ಕೋಣೆ

@ಹೊಸ_ನೋಡುಗ, ಕಥೆ ನಡೆಯುವ ವರ್ಷದ ಪ್ರಕಾರ ನೋಡಿ, ಸಲೀಸು. ಮೊದಲು ‘ಡಿಜೆನರೇಷನ್’ (2008ರ ಸಿನಿಮಾ, ಕಥೆ 2005ರದ್ದು). ವಿಮಾನ ನಿಲ್ದಾಣದಲ್ಲಿ ಸೋಂಕು ಹರಡುವ ಕಥೆ, ಲಿಯಾನ್ ಮತ್ತು ಕ್ಲೇರ್ ಅಲ್ಲಿ ಮತ್ತೆ ಭೇಟಿ ಆಗುತ್ತಾರೆ. ಆಮೇಲೆ ಈ ಸರಣಿ. ಅದಾದ ಮೇಲೆ 2012ರಲ್ಲಿ ಬಂದ ‘ಡ್ಯಾಮ್ನೇಷನ್’, ಲಿಯಾನ್ ಒಬ್ಬನೇ, ಪೂರ್ವ ಯುರೋಪಿನ ಒಂದು ಕಲ್ಪಿತ ದೇಶದ ಅಂತರ್ಯುದ್ಧದ ನಡುವೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಅದೇ. ನಂತರ 2017ರ ‘ವೆಂಡೆಟ್ಟಾ’, ಕ್ರಿಸ್ ಮತ್ತು ರೆಬೆಕಾ ಇದ್ದಾರೆ. ಕೊನೆಗೆ 2023ರ ‘ಡೆತ್ ಐಲ್ಯಾಂಡ್’, ಆಲ್ಕಟ್ರಾಜ್ ದ್ವೀಪದಲ್ಲಿ ಎಲ್ಲರೂ ಸೇರುತ್ತಾರೆ, ಜಿಲ್ ಕೂಡ. ಅದರ ನಿರ್ದೇಶಕರೂ ಇದೇ ಹಾಸುಮಿ.

ನಟರು ಮಾಡಿದ ಸಿನಿಮಾಗಳು ಬೇರೆ ದಾರಿ. 2002ರಿಂದ 2016ರವರೆಗೆ ಆರು ಬಂದವು. ಅದರ ನಾಯಕಿ ಆಲಿಸ್ ಗೇಮಿನಲ್ಲಿ ಇಲ್ಲವೇ ಇಲ್ಲ. ನೆಟ್‌ಫ್ಲಿಕ್ಸ್ 2022ರಲ್ಲಿ ನಟರನ್ನು ಹಾಕಿ ಇನ್ನೊಂದು ಸರಣಿ ಮಾಡಿತು, ಒಂದೇ ಸೀಸನ್‌ಗೆ ನಿಲ್ಲಿಸಿತು. ಅವುಗಳನ್ನು ಇದರ ಜೊತೆ ಬೆರೆಸಬೇಡಿ, ತಲೆ ಕೆಡುತ್ತದೆ. ಅನಿಮೇಷನ್ ಮಾತ್ರ ಗೇಮಿನ ಕಥೆಯ ಒಳಗೇ ಸೇರುತ್ತದೆ.

ಧ್ವನಿ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ನೋಡಿದರೆ ಲಿಯಾನ್‌ಗೆ ನಿಕ್ ಅಪೊಸ್ಟೊಲೈಡಿಸ್, ಕ್ಲೇರ್‌ಗೆ ಸ್ಟೆಫನಿ ಪಾನಿಸೆಲ್ಲೊ. 2019ರ ಗೇಮಿನಲ್ಲೂ ಇವರಿಬ್ಬರದೇ ಧ್ವನಿ. ಆ ಗೇಮ್ ಆಡಿ ಇದನ್ನು ನೋಡಿದರೆ ಹಳೇ ಪರಿಚಯದವರು ಸಿಕ್ಕ ಹಾಗೆ ಅನ್ನಿಸುತ್ತದೆ. ಕೊನೆಯ ಜಗಳ ಇನ್ನೂ ಜಾಸ್ತಿ ನೋಯಿಸುವುದು ಅದಕ್ಕೇ.

ಲೈಟಿಂಗ್_ಡೆಸ್ಕ್

ಕಥೆ ಬಗ್ಗೆ ನೀವೆಲ್ಲ ಮಾತಾಡಿದ್ದೀರಿ. ನಾನು ಬೆಂಗಳೂರಿನಲ್ಲಿ ಇದೇ ಥರದ ಕೆಲಸ ಮಾಡುವವನು, ಶಾಟ್‌ಗಳಿಗೆ ಲೈಟಿಂಗ್ ಮಾಡುತ್ತೇನೆ. ಹಾಗಾಗಿ ಕಣ್ಣು ಬೇರೆ ಕಡೆ ಹೋಯಿತು.

ಇದನ್ನು ಮಾಡಿದ್ದು ಜಪಾನಿನ ಕ್ವೆಬಿಕೊ ಎಂಬ ಸ್ಟುಡಿಯೋ, ಟಿಎಂಎಸ್ ಎಂಟರ್‌ಟೈನ್‌ಮೆಂಟ್ ಜೊತೆಗೆ. ಕೈಯಲ್ಲಿ ಬರೆದ ಅನಿಮೆ ಅಲ್ಲ, ಮನುಷ್ಯರಂತೆಯೇ ಕಾಣಬೇಕು ಅಂತ ಮಾಡಿದ ಮೂರು ಆಯಾಮದ ಕೆಲಸ. ಇದರಲ್ಲಿ ಅತಿ ಕಷ್ಟ ಯಾವುದು ಗೊತ್ತಾ? ಜಾಂಬಿ ಅಲ್ಲ. ಸುಮ್ನೆ ನಿಂತು ಮಾತಾಡುವ ಆರೋಗ್ಯವಂತ ಮನುಷ್ಯ. ಹುಟ್ಟಿದಾಗಿನಿಂದ ನಾವು ಮುಖ ನೋಡಿಕೊಂಡೇ ಬೆಳೆದಿರುತ್ತೇವೆ. ಕಣ್ಣಿನ ಒದ್ದೆ ಕಮ್ಮಿ ಇದ್ದರೆ, ರೆಪ್ಪೆ ಬಡಿಯುವುದು ಒಂದು ಚೂರು ತಡವಾದರೆ, ಮಾತಾಡುವಾಗ ಕೆನ್ನೆ ಜೊತೆಗೆ ಅಲುಗದಿದ್ದರೆ, ಏನೋ ಸರಿಯಿಲ್ಲ ಅಂತ ತಕ್ಷಣ ಅನ್ನಿಸುತ್ತದೆ. ಏನು ಅಂತ ಹೇಳಲು ಬರುವುದಿಲ್ಲ, ಆದರೆ ಅನ್ನಿಸುತ್ತದೆ. ಜಾಂಬಿಗೆ ಈ ತೊಂದರೆ ಇಲ್ಲ. ಕಣ್ಣು ಮಂಕಾಗಿದ್ದರೂ ನಡೆ ತಡವರಿಸಿದರೂ ಅದು ಹಾಗೇ ಇರಬೇಕು.

ಅದಕ್ಕೇ ಸಭೆಯಲ್ಲಿ ಕೂತು ಮಾತಾಡುವ ದೃಶ್ಯಗಳು ಬಿಗಿಯಾಗಿ ಕಾಣುತ್ತವೆ, ಹೊಡೆದಾಟ ಬಂದಾಗ ಜೀವ ಬರುತ್ತದೆ. ಈ ಕಥೆಯಲ್ಲಿ ಮಾತು ಜಾಸ್ತಿ. ಅಂದರೆ ಅತಿ ಕಷ್ಟದ ಕೆಲಸವನ್ನೇ ಜಾಸ್ತಿ ಮೈಮೇಲೆ ಹಾಕಿಕೊಂಡಿದ್ದಾರೆ. ಕೊನೆಯ ದೃಶ್ಯದಲ್ಲಿ ಕ್ಲೇರ್ ಮುಖದಲ್ಲಿ ಬೇಜಾರು ಕಂಡಿತಲ್ಲ, ಆ ಕೆಲವು ಸೆಕೆಂಡಿಗೆ ಯಾರೋ ಎಷ್ಟೋ ದಿನ ಕೂತಿರುತ್ತಾರೆ. ಅವರಿಗೆ ನನ್ನ ನಮಸ್ಕಾರ.

ಇನ್ನು ಸಬ್‌ಮರೀನಿನ ಇಲಿಗಳು. ಶಾಂಘೈಗೆ ಹೋಗುವ ದಾರಿಯಲ್ಲಿ ಸೋಂಕು ತಗುಲಿದ ಇಲಿಗಳ ಹಿಂಡು ಸಿಬ್ಬಂದಿಯನ್ನು ಮುತ್ತುತ್ತದಲ್ಲ, ಅದನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕೂದಲಿರುವ ಪ್ರಾಣಿ ಒಂದಿದ್ದರೇ ಕಂಪ್ಯೂಟರಿಗೆ ಭಾರ. ಇಲ್ಲಿ ಹಿಂಡು ಹಿಂಡು. ಒಂದರ ಮೇಲೊಂದು ಹತ್ತಬೇಕು, ಒಂದು ಇನ್ನೊಂದರ ಒಳಗೆ ತೂರಿಕೊಂಡ ಹಾಗೆ ಕಾಣಬಾರದು, ಬೆಳಕು ಪ್ರತಿ ಬೆನ್ನ ಮೇಲೂ ಬೇರೆ ಬೇರೆ ಬೀಳಬೇಕು. ಇಕ್ಕಟ್ಟಿನ ಜಾಗ ಆದ್ದರಿಂದ ಕ್ಯಾಮೆರಾಗೆ ಓಡಿಹೋಗಲು ದಾರಿಯಿಲ್ಲ, ನಮಗೂ ಇಲ್ಲ. ಹಸಿರುಗಿಡ ಅವರು ಕೇಳಿದ ಗೇಮಿನ ಭಯ ಅಲ್ಲಿ ಇತ್ತು ಅಂತ ನನ್ನ ಅನಿಸಿಕೆ.

ಒಂದು ದೂರು ಇದೆ. ಕತ್ತಲು ತುಂಬಾ. ಒಳ್ಳೆಯ ಟಿವಿಯಲ್ಲಿ ಕತ್ತಲೊಳಗಿನ ಬಣ್ಣ ಕಾಣಿಸುತ್ತದೆ. ಫೋನಿನಲ್ಲಿ, ಅದೂ ನೆಟ್ ನಿಧಾನ ಇದ್ದಾಗ, ಕಪ್ಪು ಭಾಗ ಚೌಕ ಚೌಕವಾಗಿ ಒಡೆಯುತ್ತದೆ. ದಯವಿಟ್ಟು ದೊಡ್ಡ ಪರದೆಯಲ್ಲಿ, ಕೋಣೆಯ ದೀಪ ಆರಿಸಿ ನೋಡಿ.

ಹಸಿರುಗಿಡ

@ಲೈಟಿಂಗ್_ಡೆಸ್ಕ್, ಇಲಿಗಳ ದೃಶ್ಯ ಒಪ್ಪಿದೆ ಸರ್. ಅದೇ ನಾನು ಕೇಳುತ್ತಿರುವುದು. ಇಕ್ಕಟ್ಟು, ಕಮ್ಮಿ ಆಯುಧ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಂಥದ್ದು ಇನ್ನೊಂದು ಇದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ನಾಲ್ಕೇ ಎಪಿಸೋಡಿನಲ್ಲಿ ವೈಟ್ ಹೌಸ್, ಸಬ್‌ಮರೀನ್, ಶಾಂಘೈ, ಪೆನಾಮ್‌ಸ್ತಾನ್ ಅಂತ ಊರೂರು ಸುತ್ತಿಸಿದರು. ಒಂದು ಜಾಗದಲ್ಲೂ ನಮ್ಮನ್ನು ಕೂರಲು ಬಿಡಲಿಲ್ಲ. ಮೊದಲ ಗೇಮ್ ಒಂದು ಬಂಗಲೆಯಲ್ಲೇ ಬಹುಪಾಲು ಮುಗಿಯುತ್ತದೆ. ಅದರ ಪ್ರತಿ ಬಾಗಿಲೂ ನಮಗೆ ಗೊತ್ತಿರುತ್ತದೆ. ಗೊತ್ತಿದ್ದ ಜಾಗ ಬದಲಾದಾಗಲೇ ಹೆದರಿಕೆ. ಓಣಿಯಲ್ಲಿ ಆರಾಮಾಗಿ ನಡೆದುಹೋಗುವಾಗ ಕಿಟಕಿ ಒಡೆದು ನಾಯಿ ಹಾರುತ್ತದಲ್ಲ, ಹಾಗೆ.

ಜಗುಲಿ_ಜಾಂಬಿ

ಯಾರೂ ಜೇಸನ್ ಬಗ್ಗೆ ಮಾತಾಡಲೇ ಇಲ್ಲವಲ್ಲ. ನನಗೆ ಇಡೀ ಸರಣಿಯ ಜೀವ ಅವನೇ.

ಯುದ್ಧದಿಂದ ವಾಪಸ್ ಬಂದವನನ್ನು ವೀರ ಅಂತ ಕರೆದು ಪದಕ ಕೊಡುತ್ತಾರೆ. ಅಲ್ಲಿ ಏನು ನಡೆಯಿತು ಅಂತ ಹೇಳಲು ಮಾತ್ರ ಬಿಡುವುದಿಲ್ಲ. ಜೊತೆಗಾರರು ಹೇಗೆ ಸತ್ತರು ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬೇಕು. ಬದುಕಿರಬೇಕಾದರೆ ತನ್ನನ್ನು ಹಾಳು ಮಾಡಿದವರ ಕೈಯಿಂದಲೇ ಔಷಧಿ ತೆಗೆದುಕೊಳ್ಳಬೇಕು. ಹಾಗಾಗಿ ಅವನು ಆರಿಸಿಕೊಂಡ ದಾರಿ ಏನು? ನಾನು ಅನುಭವಿಸಿದ ಭಯ ಇಡೀ ಜಗತ್ತಿಗೆ ಗೊತ್ತಾಗಲಿ ಅನ್ನುವುದು. ದಾರಿ ಕೆಟ್ಟದ್ದು, ಒಪ್ಪುತ್ತೇನೆ. ನೋವು ಸುಳ್ಳಲ್ಲ.

ಶೆನ್ ಮೇ ಕೂಡ ಹಾಗೇ. ಶಾಂಘೈನ ಅವಳ ಮನೆಯಲ್ಲಿ ಅವಳ ಒಡಹುಟ್ಟಿದವನ ಸ್ಥಿತಿ ನೋಡಿದ ಮೇಲೆ ಅವಳನ್ನು ಖಳನಾಯಕಿ ಅನ್ನಲು ನನಗೆ ಬಾಯಿ ಬರಲಿಲ್ಲ. ಮೊದಲ ಎರಡು ಎಪಿಸೋಡಿನಲ್ಲಿ ಅವಳಿಗೆ ಒಂದು ಗಟ್ಟಿ ದೃಶ್ಯವೂ ಇಲ್ಲ. ಆಮೇಲೆ ಒಮ್ಮೆಲೇ ಎಲ್ಲ ಹೇಳಿ ಮುಗಿಸುತ್ತಾರೆ. ಎಂಟು ಎಪಿಸೋಡು ಬೇಕಿತ್ತು ಇದಕ್ಕೆ.

ಈಗ ಚಿಪ್ ವಿಷಯ. ಜೇಸನ್ ಸತ್ಯ ಹೇಳಲು ಭಯವನ್ನು ಬಳಸುತ್ತಾನೆ. ಲಿಯಾನ್ ಭಯ ತಪ್ಪಿಸಲು ಸತ್ಯ ಮುಚ್ಚುತ್ತಾನೆ. ಕ್ಲೇರ್ ಒಬ್ಬಳೇ ಭಯವಿಲ್ಲದೆ ಸತ್ಯ ಹೇಳಬಹುದು ಅಂತ ನಂಬಿರುವವಳು. ಅವಳ ದಾರಿಯನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿ ನೋಡಬೇಕಿತ್ತು.

ಮಲ್ನಾಡ್_ಮಳೆ

@ಜಗುಲಿ_ಜಾಂಬಿ, ಪರೀಕ್ಷೆ ಆಗಿದೆ! ಆರನೇ ಭಾಗದಲ್ಲಿ.

ಅಲ್ಲಿನ ಅಧ್ಯಕ್ಷ ಆಡಂ ಬೆನ್‌ಫೋರ್ಡ್. ಲಿಯಾನ್‌ಗೆ ಬಹಳ ಹತ್ತಿರದವರು. ಅವನು ಕೆಲಸ ಮಾಡುವ, ಜೈವಿಕ ದಾಳಿ ಎದುರಿಸುವ ಡಿಎಸ್‌ಒ ದಳವನ್ನು ಕಟ್ಟಿದವರೂ ಅವರೇ. 2013ರಲ್ಲಿ ಅವರು ರಕೂನ್ ಸಿಟಿಯ ಸತ್ಯವನ್ನು ಜನರ ಮುಂದೆ ಇಡಲು ಹೊರಡುತ್ತಾರೆ. ಟಾಲ್ ಓಕ್ಸ್ ಊರಿನ ವಿಶ್ವವಿದ್ಯಾಲಯದಲ್ಲಿ ಭಾಷಣ ಇರುತ್ತದೆ. ಅದಕ್ಕೆ ಮೊದಲೇ ಊರಿಗೆ ಸೋಂಕು ಬಿಡುತ್ತಾರೆ. ಮಾಡಿಸಿದವನು ಹೊರಗಿನ ಶತ್ರು ಅಲ್ಲ, ರಾಷ್ಟ್ರೀಯ ಭದ್ರತಾ ಸಲಹೆಗಾರ ಡೆರೆಕ್ ಸಿಮನ್ಸ್. ಸತ್ಯ ಹೊರಬಂದರೆ ಅಮೆರಿಕದ ಬಲ ಕುಸಿದು ಜಗತ್ತು ಅಲ್ಲೋಲಕಲ್ಲೋಲ ಆಗುತ್ತದೆ ಅನ್ನುವುದು ಅವನ ವಾದ.

ಗೇಮಿನಲ್ಲಿ ಲಿಯಾನ್ ಕಥೆ ಶುರುವಾಗುವುದೇ ಆ ವಿಶ್ವವಿದ್ಯಾಲಯದ ಒಂದು ಕೋಣೆಯಿಂದ. ಬೆನ್‌ಫೋರ್ಡ್ ಜಾಂಬಿ ಆಗಿ, ಅಧ್ಯಕ್ಷರ ಕಾವಲಿನ ಏಜೆಂಟ್ ಹೆಲೆನಾ ಕಡೆ ಬರುತ್ತಿದ್ದಾರೆ. ನಿಲ್ಲಿ ಅಂತ ಲಿಯಾನ್ ಬೇಡಿಕೊಳ್ಳುತ್ತಾನೆ. ಕೊನೆಗೆ ಗುಂಡು ಹೊಡೆಯಬೇಕಾಗುತ್ತದೆ.

ಈಗ ‘ಇನ್ಫಿನಿಟ್ ಡಾರ್ಕ್‌ನೆಸ್’ ಕೊನೆಯನ್ನು ಇದರ ಪಕ್ಕ ಇಟ್ಟು ನೋಡಿ. 2006ರಲ್ಲಿ ಲಿಯಾನ್ ಚಿಪ್ ಕೊಡದೇ ಇದ್ದದ್ದಕ್ಕೆ ಹೇಳುವ ಕಾರಣ, 2013ರಲ್ಲಿ ಸಿಮನ್ಸ್ ಹೇಳುವ ಕಾರಣ, ಎರಡೂ ಹತ್ತಿರ ಹತ್ತಿರ ಒಂದೇ. ಸತ್ಯ ಹೊರಗೆ ಬಂದರೆ ಲೋಕಕ್ಕೆ ಕೆಡುಕು. ಲಿಯಾನ್ ಒಬ್ಬರನ್ನೂ ಕೊಲ್ಲಲಿಲ್ಲ, ಸಿಮನ್ಸ್ ಊರನ್ನೇ ಕೊಂದ. ವ್ಯತ್ಯಾಸ ದೊಡ್ಡದು. ಆದರೆ ವಾದದ ಬೇರು ಒಂದೇ.

ಗೇಮ್ ಮೊದಲು ಬಂದದ್ದು, ಸರಣಿ ಒಂಬತ್ತು ವರ್ಷ ಆದ ಮೇಲೆ. ಬರೆದವರು ಬೇಕಂತಲೇ ಇದನ್ನು ಜೋಡಿಸಿದ್ದಾರೆ ಅಂತ ನಾನು ಹೇಳುವುದಿಲ್ಲ. ಆದರೆ ಇದನ್ನು ನೋಡಿ ಮತ್ತೆ ಆರನೇ ಭಾಗ ಆಡಿದರೆ ಲಿಯಾನ್ ಆ ಕೋಣೆಯಲ್ಲಿ ನಿಂತಿರುವುದು ಬೇರೆಯೇ ಆಗಿ ಕಾಣುತ್ತದೆ.

ರಕೂನ್_ರಾತ್ರಿ

@ಮಲ್ನಾಡ್_ಮಳೆ, ಇದು ನನಗೆ ಹೊಳೆದೇ ಇರಲಿಲ್ಲ. ಆರನೇ ಭಾಗ ಆಡಿದ್ದೇನೆ, ಆ ಮೊದಲ ದೃಶ್ಯ ನೆನಪಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಚಿಪ್ ದೃಶ್ಯಕ್ಕೆ ಎಷ್ಟು ತೂಕ ಬರುತ್ತದೆ! ಒಮ್ಮೆ ಗೆಳತಿ ಕೇಳಿದಾಗ ಬೇಡ ಅಂದವನು, ಏಳು ವರ್ಷ ಕಳೆದ ಮೇಲೆ ಹೇಳಲು ಹೊರಟ ಅಧ್ಯಕ್ಷರ ಪಕ್ಕ ನಿಲ್ಲುತ್ತಾನೆ. ಅಂದರೆ ನಡುವೆ ಎಲ್ಲೋ ಅವನು ಬದಲಾಗಿದ್ದಾನೆ. ಆ ಬದಲಾವಣೆಯ ಕಥೆಯನ್ನು ಯಾರೂ ಇನ್ನೂ ಮಾಡಿಲ್ಲ. ನನಗೆ ಮುಂದಿನ ಅನಿಮೇಷನ್‌ನಲ್ಲಿ ಬೇಕಿರುವುದು ಅದು.

ಕ್ಲೇರ್_ಪರ

ಬದಲಾಗಿದ್ದಾನೆ ಅನ್ನುವುದು ನಿಮ್ಮ ಒಳ್ಳೆಯತನ. ಬೆನ್‌ಫೋರ್ಡ್ ಅಧ್ಯಕ್ಷರು, ಸ್ನೇಹಿತರು. ಅವರು ಹೇಳಲು ಹೊರಟರೆ ಪಕ್ಕ ನಿಲ್ಲುತ್ತಾನೆ. ಕ್ಲೇರ್ ಹೇಳಲು ಹೊರಟರೆ ಚಿಪ್ ಕೊಡುವುದಿಲ್ಲ. ಅಧಿಕಾರದಲ್ಲಿ ಇರುವವರು ಸತ್ಯ ಹೇಳಬಹುದು, ಹೊರಗೆ ನಿಂತವಳು ಹೇಳಬಾರದು ಅಂತ ಆಯಿತಲ್ಲ.

ಯುದ್ಧ ಆಗುತ್ತದೆ ಅನ್ನುವ ಮಾತಿಗೂ ಒಂದು ಉತ್ತರ. ಯುದ್ಧ ಶುರು ಮಾಡುವ ಶಕ್ತಿ ಇರುವುದು ವಿಲ್ಸನ್ ಥರದವರಿಗೆ. ಅವನಂಥವರು ಕುರ್ಚಿಯಲ್ಲಿ ಇರುವವರೆಗೂ ಯುದ್ಧದ ಭಯ ಇದ್ದೇ ಇರುತ್ತದೆ, ಚಿಪ್ ಜೇಬಿನಲ್ಲಿದ್ದರೂ ಇಲ್ಲದಿದ್ದರೂ. ಆ ಮಾತು ಬರದ ಹುಡುಗನಿಗೆ ನಾವು ಏನು ಹೇಳುವುದು? ನೀನು ಬರೆದದ್ದು ನಿಜ, ಆದರೆ ಯಾರಿಗೂ ತೋರಿಸಬೇಡ ಅಂತಲಾ?

ಜಗುಲಿ_ಜಾಂಬಿ

ಹುಡುಗನ ವಿಷಯ ಹೇಳಿದ್ದು ಸರಿ. ಪೆನಾಮ್‌ಸ್ತಾನದ ಜನ ಇಡೀ ಕಥೆಯಲ್ಲಿ ಬಾಯಿಲ್ಲದವರೇ. ಅಮೆರಿಕ, ಚೀನಾ ಅಂತ ನಿಜವಾದ ದೇಶಗಳ ಹೆಸರು ಹೇಳುತ್ತಾರೆ, ಪೆಟ್ಟು ತಿನ್ನುವ ದೇಶಕ್ಕೆ ಮಾತ್ರ ಕಲ್ಪಿತ ಹೆಸರು. ಆ ನೆಲದವನು ಅಂತ ನಮಗೆ ನೆನಪಿರುವುದು ಒಬ್ಬ ಹುಡುಗ, ಅವನಿಗೂ ಮಾತಿಲ್ಲ. ಆ ಊರಿನಲ್ಲೇ ನಿಂತು, ಅಲ್ಲಿನವರ ಕಣ್ಣಿನಿಂದ ಹೇಳಿದ್ದರೆ ಎಷ್ಟು ದೊಡ್ಡ ಕಥೆ ಆಗುತ್ತಿತ್ತು.

ಹೊಸ_ನೋಡುಗ

ನಿನ್ನೆ ರಾತ್ರಿ ಅಕ್ಕನ ಜೊತೆ ಕೂತು ಮತ್ತೊಮ್ಮೆ ನೋಡಿದೆ, ಈ ಸಲ ಟಿವಿಯಲ್ಲಿ, ದೀಪ ಆರಿಸಿ. ಲೈಟಿಂಗ್ ಡೆಸ್ಕ್ ಅವರು ಹೇಳಿದ್ದು ನಿಜ, ಸಬ್‌ಮರೀನ್ ದೃಶ್ಯ ಬೇರೆಯೇ ಇದೆ. ಅಕ್ಕ ಗೇಮ್ ಆಡಿದವಳಲ್ಲ, ಜಾಂಬಿ ಕಥೆ ಇಷ್ಟವೂ ಇಲ್ಲ. ಕೊನೆ ದೃಶ್ಯ ಆದಾಗ ಅವಳು ಕೇಳಿದ್ದು ಇಷ್ಟೇ: ‘ಅವಳು ಕಷ್ಟಪಟ್ಟು ಹುಡುಕಿದ್ದು, ಇವನು ಯಾರು ಬೇಡ ಅನ್ನೋಕೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಶೆರ್ರಿ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಾಗಾದ್ರೆ ಅದನ್ನ ಅವಳ ಹತ್ರ ಹೇಳಬೇಕಿತ್ತು’ ಅಂದಳು.

ಟೈಪ್‌ರೈಟರ್_ಕೋಣೆ

ನಿಮ್ಮ ಅಕ್ಕ ಹೇಳಿದ್ದು ಈ ಚರ್ಚೆಯಲ್ಲೇ ಅತಿ ನೇರವಾದ ಮಾತು. ಲಿಯಾನ್ ಕಾರಣ ಕೊಡುತ್ತಾನೆ, ಆದರೆ ದೇಶದ ಕಾರಣ ಕೊಡುತ್ತಾನೆ. ತನ್ನ ಕಾರಣ ಕೊಡುವುದಿಲ್ಲ. ಎಂಟು ವರ್ಷ ಹಳೆಯ ಸ್ನೇಹಿತೆ ಎದುರಿಗೆ ನಿಂತಿದ್ದಾಳೆ, ಅವಳ ಹತ್ತಿರವೂ ಸರ್ಕಾರದ ಭಾಷೆಯಲ್ಲೇ ಮಾತಾಡುತ್ತಾನೆ.

‘ಡೆತ್ ಐಲ್ಯಾಂಡ್’ ನೋಡಿದ ಮೇಲೆ ನನಗೆ ಕೊರತೆ ಅನ್ನಿಸಿದ್ದೂ ಇದೇ. ಕಥೆ 2015ರದ್ದು, ಇಬ್ಬರೂ ಇದ್ದಾರೆ. ಒಟ್ಟಿಗೆ ಹೋರಾಡುತ್ತಾರೆ. ಚಿಪ್ ಬಗ್ಗೆ ಒಂದು ಮಾತಿಲ್ಲ. ನಿರ್ದೇಶಕರು ಅದೇ ಹಾಸುಮಿ, ಅವರಿಗೆ ಮರೆತಿರಲು ಸಾಧ್ಯವಿಲ್ಲ. ಒಂದೇ ಒಂದು ನಿಮಿಷ ಇಬ್ಬರನ್ನು ಒಂದು ಕಡೆ ಕೂರಿಸಿ ಮಾತಾಡಿಸಿದ್ದರೆ ಸಾಕಿತ್ತು.

ರಕೂನ್_ರಾತ್ರಿ

ಹೌದು, ಆ ಒಂದು ನಿಮಿಷ ಬಾಕಿ ಇದೆ.

ಮುಂದಿನ ಶನಿವಾರ ರಾತ್ರಿ ‘ಡ್ಯಾಮ್ನೇಷನ್’ ಎಲ್ಲರೂ ಒಂದೇ ಹೊತ್ತಿಗೆ ಶುರು ಮಾಡೋಣ ಅಂತಿದ್ದೇನೆ, ಒಂಬತ್ತು ಗಂಟೆಗೆ. ಅಲ್ಲಿ ಲಿಯಾನ್‌ಗೆ ವಾಪಸ್ ಬಾ ಅಂತ ಆದೇಶ ಬರುತ್ತದೆ, ಅವನು ಕೇಳುವುದಿಲ್ಲ. ಕಥೆ ನಡೆಯುವುದು ಈ ಚಿಪ್ ಘಟನೆ ಆಗಿ ಐದು ವರ್ಷಕ್ಕೆ. ಅವನು ಬದಲಾಗಿದ್ದಾನಾ, ಇಲ್ಲವಾ ಅಂತ ಕ್ಲೇರ್ ಪರ ಅವರೂ ನಾನೂ ಅಲ್ಲೇ ಮುಂದುವರಿಸುತ್ತೇವೆ. ಬರುವವರು ಕೆಳಗೆ ಹೇಳಿ.

ಕ್ಲೇರ್_ಪರ

ಬರುತ್ತೇನೆ. ಆದರೆ ಅದರಲ್ಲಿ ಕ್ಲೇರ್ ಇಲ್ಲ ಅನ್ನುವುದನ್ನು ಮೊದಲೇ ಬರೆದಿಡುತ್ತಿದ್ದೇನೆ.